ಮೂಸುಬಂಡೆಗೆ ಆ ಹೆಸರು ಬಂದದ್ದು

ನಮ್ಮೂರು ಕರೇಮರಡಿಯ ಪಡುವಲಿಗೆ, ಹುಲ್ಲುಗಾವಲು ಮುಗಿದು ಜಾಲಿಮರಗಳು ಶುರುವಾಗುವಲ್ಲಿ, ಆಳೆತ್ತರದ ಒಂದು ಬಂಡೆಯಿದೆ. ಮೇಲ್ಭಾಗ ಮಟ್ಟಸ. ತಲೆತಲಾಂತರದಿಂದ ಕುರಿಗಳು ಮೈಯುಜ್ಜಿ ಅದರ ಒಂದು ಬದಿ ನುಣುಪಾಗಿದೆ. ಇದನ್ನು ಮೂಸುಬಂಡೆ ಎನ್ನುತ್ತಾರೆ. ಹೆಸರು ಕೇಳಿದ ಹೊಸಬರು ಬಗ್ಗಿ ಬಂಡೆಯನ್ನೇ ಮೂಸಿ ನೋಡಿದ್ದೂ ಉಂಟು. ಇಲ್ಲಿ ಯಾರೋ ಋಷಿ ತಪಸ್ಸು ಮಾಡಿದ್ದನೆಂದು ಈಚೆಗೆ ಕೆಲವರು ಹಬ್ಬಿಸಿದ್ದಾರೆ. ಕಂಡಕಂಡ ಕಲ್ಲಿನ ಮೇಲೆಲ್ಲ ಋಷಿಗಳನ್ನು ಕೂರಿಸುವುದು ನನಗೆ ಸೇರದು. ನಮ್ಮ ಹಿರಿಯರು ಹೇಳಿದ್ದನ್ನೇ ನಾನು ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಊರು ಇನ್ನೂ ಕೆಲವೇ ಗುಡಿಸಲುಗಳ ಕುರಿಹಟ್ಟಿಯಾಗಿದ್ದಾಗ, ಕೆಂಚವ್ವ ಎಂಬ ಮುದುಕಿ ಮಗ ಮಾಳಿಂಗನೊಡನೆ ಈ ಬಂಡೆಯ ಪಕ್ಕದಲ್ಲಿ ವಾಸವಾಗಿದ್ದಳಂತೆ. ಆಕೆಗೆ ಕಣ್ಣು ಪೂರಾ ಹೋಗಿತ್ತು. ಆದರೂ ಉಣ್ಣೆ ಮುಟ್ಟಿ ಇದು ಯಾವ ಕುರಿ ಎಂದು ಹೇಳುವಳು. ಕಂಬಳಿಯ ವಾಸನೆಯಿಂದಲೇ ಮಗ ಬಂದನೆಂದು ತಿಳಿಯುವಳು. ಮಾಳಿಂಗ ಮದುವೆಯಾಗಿ ತಂದ ಸಣ್ಣೀರವ್ವ ಮಾತ್ರ ಆಕೆಯ ಮೂಗಿಗೆ ಒಗ್ಗಲಿಲ್ಲ. ಸಣ್ಣೀರವ್ವ ಪೇಟೆಯಲ್ಲಿ ಕಂಬಳಿ ನೇಯುವವರ ಮಗಳು. ನೂಲಿಗೆ ಬಳಿಯುವ ಹುಣಸೆಬೀಜದ ಅಂಬಲಿಯ ವಾಸನೆ ಅವಳ ಸೀರೆಗಳಿಂದ ಹೋಗಿರಲೇ ಇಲ್ಲ. ಅವಳು ಹತ್ತಿರ ಬಂದಾಗಲೆಲ್ಲ ಮುದುಕಿ ಮುಖವೆತ್ತಿ, "ಯಾರವ್ವಾ ಅದು?" ಎನ್ನುವಳು. ಮುದುಕಿ ಕೆಟ್ಟವಳಲ್ಲ, ನಿಜವಾಗಿಯೂ ಗುರುತು ಸಿಗುತ್ತಿರಲಿಲ್ಲ. ಆದರೆ ತನ್ನ ಮನೆಯಲ್ಲೇ ದಿನಾ ತಾನು ಯಾರೆಂದು ಹೇಳಿಕೊಂಡು ಬಾಳುವುದು ಯಾರಿಗೆ ಹಿತ? ಹುಡುಗಿ ಮರೆಯಲ್ಲಿ ಅಳುತ್ತಿದ್ದಳು. ದೀಪಾವಳಿಯ ಕುರಿಹಬ್ಬ ಮುಗಿದ ಮೇಲೆ ತವರಿಗೆ ಹೋಗಿ ಮತ್ತೆ ಬರುವುದೇ ಬೇಡವೆಂದು ತೀರ್ಮಾನಿಸಿಬಿಟ್ಟಳು.

ಅದಕ್ಕೂ ಮೊದಲು ಅತ್ತೆಯ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳುವ ಆಸೆ ಅವಳಿಗೆ. ತವರಿನಲ್ಲಿ ತೊಳೆಯದ ಉಣ್ಣೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಮಾಳಿಂಗ ತಾಯಿಕುರಿಗಳನ್ನು ಮೇಯಲು ಹೊಡೆದುಕೊಂಡು ಹೋದಾಗ, ರೊಪ್ಪದ ಬೇಲಿಯೊಳಗೆ ಉಳಿದಿದ್ದ ಎಳೆಮರಿಗಳನ್ನೆಲ್ಲ ಉಣ್ಣೆ ಮುಟ್ಟಿ ಅತ್ತೆ ಮೆಚ್ಚಿಯಾಳೆಂದು ಅವಳು ಅಂಟುವಾಳದ ನೊರೆ ಹಚ್ಚಿ ತಿಕ್ಕಿ ತೊಳೆದಳು. ಮರಿಗಳು ಹತ್ತಿಯ ಉಂಡೆಗಳ ಹಾಗೆ ಬೆಳ್ಳಗಾದವು. ಆದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಸಂಜೆ ಕುರಿಗಳು ಮರಿಗಳ ಕೂಗು ಕೇಳಿ ಓಡೋಡಿ ಬಂದವು, ಬಾಲದ ಬುಡ ಮೂಸಿದವು, ಮೂಸಿದ್ದೇ ತಡ ಹಾಯ್ದು ದೂರ ತಳ್ಳಿದವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಅಂದು ಹೆತ್ತ ತಾಯಿಗಳಿಗೇ ಮರಿ ಬೇಡವಾಯಿತು. ಹಸಿದ ಎಳೆಮರಿಗಳು ಹಾಲಿಲ್ಲದೆ ಬೆಳಗಿನವರೆಗೆ ಉಳಿಯುವುದು ಕಷ್ಟವಿತ್ತು.

"ಯಾವ್ದು ಯಾರ್ ಮರೀಂತ ನಂಗೇ ತಿಳೀವಲ್ದು! ತೊಳ್ದು ಸಾಯ್ಸಿದ್ಯಲ್ಲೇ!" ಎಂದು ಮಾಳಿಂಗ ಕೂಗಾಡಿದ. ಒಳಗಿನಿಂದ ಕೆಂಚವ್ವ, "ಬೈಬ್ಯಾಡ ಕಣ್ಲಾ. ವಾಸ್ನಿ ಹೋದ್ರೇನು, ಕೂಗು ಐತಲ್ಲ. ನನ್ನ ಬಂಡೆ ಹತ್ತಿಸ್ರಿ," ಎಂದಳು.

ಮುದುಕಿ ಬಂಡೆಯ ಮೇಲೆ ಕುಳಿತಳು. ಕುರಿಗಳು ಕೆಳಗೆ ನಿಂತವು. ಒಂದೊಂದೇ ಮರಿಯನ್ನು ಆಕೆಯ ಮಡಿಲಿಗೆ ಕೊಟ್ಟರು. ಮರಿ ಅರಚಿದಾಗ ಹಿಂಡಿನಲ್ಲಿ ಓಗೊಟ್ಟ ಕುರಿ ಯಾವುದೆಂದು ಆಕೆ ಕಿವಿಯಿಂದಲೇ ಆಲಿಸಿ ಕೈ ತೋರಿಸಿದಳು. ಮಾಳಿಂಗ ಆ ಕುರಿಯನ್ನು ಹಿಡಿದ. ಸಣ್ಣೀರವ್ವ ಅದರ ಹಾಲನ್ನೇ ಕರೆದು ಮರಿಯ ಬೆನ್ನಿಗೂ ಬಾಲದ ಬುಡಕ್ಕೂ ಸವರಿದಳು. ತನ್ನ ಹಾಲಿನ ವಾಸನೆ ಹತ್ತಿದ ತಾಯಿ ಮೂಸಿತು, ನೆಕ್ಕಿತು, ಕೆಚ್ಚಲು ಕೊಟ್ಟಿತು. ಕೊನೆಯದೊಂದು ಮುದಿಕುರಿ ಮಾತ್ರ ಏನು ಮಾಡಿದರೂ ಜಗ್ಗಲಿಲ್ಲ. ಸಣ್ಣೀರವ್ವ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಂದೆ ಗೊಬ್ಬರದಲ್ಲೇ ಕುಳಿತುಬಿಟ್ಟಳು. ಅದು ಬಹಳ ಹೊತ್ತು ಅವಳ ಕೈ, ಕೊರಳು, ಕೂದಲು ಎಲ್ಲ ಮೂಸಿ, ಆಮೇಲೆ ಮರಿಯನ್ನು ನೆಕ್ಕತೊಡಗಿತು.

ಅತ್ತೆಯನ್ನು ಇಳಿಸಲು ಅವಳು ಬಂಡೆ ಹತ್ತಿದಾಗ ಮೈಯೆಲ್ಲ ಹಾಲು, ಜಿಡ್ಡು, ಹಿಕ್ಕೆ. ಮುದುಕಿ ಯಾರೆಂದು ಕೇಳಲಿಲ್ಲ. ಎರಡೂ ಕೈಯಿಂದ ಸೊಸೆಯ ತಲೆ ಹಿಡಿದು ನೆತ್ತಿಯನ್ನು ದೀರ್ಘವಾಗಿ ಮೂಸಿ, "ಇಳ್ಸು ಮಗಾ, ಹಸಿವಾಗೈತೆ," ಎಂದಳು. ಸಣ್ಣೀರವ್ವ ಆಮೇಲೆ ತವರಿಗೆ ಹೋದದ್ದು ಬಾಣಂತನಕ್ಕೇ ಎನ್ನುತ್ತಾರೆ.

ಇಂದಿಗೂ ಕರೇಮರಡಿಗೆ ಬರುವ ಹೊಸ ಸೊಸೆ ಹೊಸಿಲು ತುಳಿಯುವ ಮೊದಲು ಈ ಬಂಡೆ ಹತ್ತುತ್ತಾಳೆ. ಅತ್ತೆ ಅವಳ ನೆತ್ತಿ ಮೂಸುವುದನ್ನು ಬಂದವರೆಲ್ಲ ನೋಡಬಹುದು. ಹೋದ ವರ್ಷ ನಮ್ಮ ಮನೆಗೆ ಬಂದ ಸೊಸೆ ಒಂದು ಸೀಸೆ ಸೆಂಟನ್ನೇ ಸುರಿದುಕೊಂಡಿದ್ದಳೋ ಏನೋ, ನನ್ನ ಹೆಂಡತಿ ಮೂಸಿ, ಸೀನಿ, ಹಟ ಹಿಡಿದು ಮತ್ತೆ ಮೂಸಿದಳು. ಹುಡುಗಿ ನಗು ತಡೆಯಲಾರದೆ ಅತ್ತೆಯ ತಲೆಯ ಮೇಲಿನ ಸೆರಗು ಸರಿಸಿ ತಾನೂ ಅವಳ ನೆತ್ತಿ ಮೂಸಿಬಿಟ್ಟಳು. ಹಿಂದೆ ಯಾವ ಸೊಸೆಯೂ ಹಾಗೆ ಮಾಡಿದ್ದನ್ನು ನಾನು ಕೇಳಿಲ್ಲ. ನನ್ನ ಹೆಂಡತಿಯೋ ಹಿಗ್ಗಿ, ಸೊಸೆ ಸರಿಸಿದ ಆ ಸೆರಗನ್ನು ಸಂಜೆಯವರೆಗೂ ತಲೆಯ ಮೇಲೆ ಎಳೆದುಕೊಳ್ಳಲಿಲ್ಲ.