ಲಿಫ್ಟ್ ಕೆಟ್ಟ ಮೇಲೆ

ಜಿಲ್ಲಾ ಕಚೇರಿಯ ಲಿಫ್ಟ್ ಓಡಿಸಲು ತಿಪ್ಪೇಶಿಯನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡಿದ್ದರು. ಲಿಫ್ಟ್ ಕೆಟ್ಟು ನಿಂತಿತು, ರಿಪೇರಿ ಆಗಲೇ ಇಲ್ಲ. ತಿಪ್ಪೇಶಿ ಸ್ಟೂಲಿನ ಮೇಲೆ ಕೂರುತ್ತಿದ್ದ, ಏಳುತ್ತಿದ್ದ, ಲಿಫ್ಟಿನ ಬಾಗಿಲು ಒರೆಸುತ್ತಿದ್ದ, ಮತ್ತೆ ಕೂರುತ್ತಿದ್ದ. ಕೆಲಸವಿಲ್ಲದೆ ಜೀವ ಚಡಪಡಿಸುತ್ತಿತ್ತು. ಅಹವಾಲು ತಂದ ಜನ ಸಾಹೇಬರ ಕೋಣೆ ನಾಲ್ಕನೇ ಮಹಡಿಯಲ್ಲಿ ಎಂದು ಕೇಳಿ, ಮೆಟ್ಟಿಲು ನೋಡಿ ವಾಪಸ್ ಹೋಗುತ್ತಿದ್ದರು. ಮೇಲೆ ಸಾಹೇಬರು ನೆಮ್ಮದಿಯಾಗಿ ತೂಕಡಿಸುತ್ತಿದ್ದರು.

ಒಂದು ಸಂಜೆ ಮನೆಗೆ ಹೊರಟ ಸಾಹೇಬರು ಅವನನ್ನು ಕಂಡು ಗದರಿದರು. "ಸುಮ್ಮನೆ ಕೂತು ಸಂಬಳ ತಗೊಳ್ತೀಯಾ? ನಾಳೆಯಿಂದ ನಿನ್ನ ಕೆಲಸ ಮಾಡು. ಇಲ್ಲಾಂದ್ರೆ ಮನೆಗೆ ಹೋಗು!"

ಮರುದಿನ ತಿಪ್ಪೇಶಿ ಹೆಬ್ಬಾಗಿಲಲ್ಲೇ ನಿಂತ. ಮುದುಕಿಯರ ಕೈ ಹಿಡಿದ, ಊರುಗೋಲಿನವರಿಗೆ ಭುಜ ಕೊಟ್ಟ. ಬಂದವರನ್ನೆಲ್ಲ ಮೆಟ್ಟಿಲು ಹತ್ತಿಸಿ ಸಾಹೇಬರ ಕೋಣೆಗೇ ತಂದು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಮೇಜು ಕಾಣದಷ್ಟು ಜನ.

"ಏನಯ್ಯಾ ಇದು?" ಎಂದು ಸಾಹೇಬರು ಕೂಗಿದರು.

"ಜನರನ್ನ ಮೇಲಕ್ಕೆ ತರೋದೇ ನನ್ನ ಕೆಲಸ ಸಾರ್. ಕೆಟ್ಟಿರೋದು ಲಿಫ್ಟು, ನಾನಲ್ಲ."

ಸಾಹೇಬರು ದನಿ ತಗ್ಗಿಸಿದರು. "ಅಪ್ಪಾ ತಿಪ್ಪೇಶಿ, ನಿನಗೆ ಕೈ ಮುಗೀತೀನಿ. ಹೋಗಿ ಆರಾಮಾಗಿ ಕೂತ್ಕೋ."

"ಕೂತು ಕೂತು ಸಾಕಾಗಿದೆ ಸಾರ್." ತಿಪ್ಪೇಶಿ ಬೆವರು ಒರೆಸಿಕೊಂಡ. "ಕೆಳಗೆ ಇನ್ನೊಂದು ಬಸ್ಸು ಬಂತು. ಜನರನ್ನ ಕರ್ಕೊಂಡು ಬರ್ತೀನಿ."