ಏರಿಯ ಮೇಲಿನ ಹೆಬ್ಬಾತು

ಹೆಬ್ಬಾತುಗಳ ಕಾವಲುಪಡೆ ಸೇರಿದ ಮೊದಲ ಹೆಣ್ಣು ಅವಳು. ಕಾವಲು ಬದಲಿಸುವಾಗ ಗಂಡುಗಳು ಕೊರಳಿಗೆ ಕೊರಳು ತಾಗಿಸಿ “ಊಟ ಆಯ್ತಾ?” ಎಂದು ಕೇಳುವುದು ಪಡೆಯ ವಾಡಿಕೆ. ಅವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ, “ಮೊಟ್ಟೆ ಕಾಯುವವಳಿಗೆ ಕೆರೆ ಕಾಯುವ ಹುಚ್ಚು!” ಎಂದು ನಕ್ಕು ದೂರ ನಿಲ್ಲುತ್ತಿದ್ದರು.

ಒಮ್ಮೆ ನುಸುಳಿ ಬಂದ ನರಿಯನ್ನು ಅವಳೇ ಮೊದಲು ಕಂಡು ಕೂಗಿದಳು. ದಳಪತಿ ಮೆಚ್ಚಿ, “ಇನ್ನಷ್ಟು ಹೆಣ್ಣುಗಳನ್ನು ಕರೆದು ತಾ. ಯಾರೂ ಬರದಿದ್ದರೆ ಒಬ್ಬಳೇ ಇಲ್ಲಿರುವುದು ಬೇಡ, ನೀನೂ ಹೆಣ್ಣುಗಳ ಗುಂಪಿಗೆ ಮರಳು” ಎಂದ.

ಅವಳು ಮೇಯುತ್ತಿದ್ದ ಹೆಣ್ಣುಗಳ ಬಳಿ ಹೋಗಿ ಪಡೆಯ ಗೌರವವನ್ನು ಬಣ್ಣಿಸಿದಳು. ಎಳೆಯವಳೊಬ್ಬಳು, “ಅಕ್ಕಾ, ಅಲ್ಲಿ ನಿನ್ನನ್ನು ಊಟ ಆಯ್ತಾ ಅಂತ ಕೇಳೋರು ಯಾರು?” ಎಂದಳು.

ಸುಳ್ಳು ಕೊಕ್ಕಿನ ತುದಿಗೆ ಬಂದಿತ್ತು, ನುಂಗಿಕೊಂಡಳು. “ಯಾರೂ ಇಲ್ಲ, ತಂಗಿ. ನೀನು ಬಂದರೆ ನಿನ್ನನ್ನು ನಾನು ಕೇಳುತ್ತೇನೆ.”

ಎಳೆಯವಳು ಮೇಯುವುದನ್ನು ಬಿಟ್ಟು ಅವಳ ಹಿಂದೆಯೇ ಹೊರಟಳು. ಕೆರೆಯ ಏರಿ ಹತ್ತುವ ಮೊದಲೇ ಕೊರಳು ಚಾಚಿ ತಾಗಿಸಿದಳು: “ಅಕ್ಕಾ, ಊಟ ಆಯ್ತಾ?”