ಹಸಿ ಹಗ್ಗ

ಹೊಳೆದಂಡೆಯಲ್ಲಿ ಒಂದು ಮಠವಿತ್ತು. ಮಠದ ಹಿಂದೆ ಒಂದು ಹೈಸ್ಕೂಲು. ಅಲ್ಲಿ ಮಕ್ಕಳಿಗೆ ಊಟಕ್ಕೂ ಕೊರತೆಯಿರಲಿಲ್ಲ, ಪರೀಕ್ಷೆಗೂ ಕೊರತೆಯಿರಲಿಲ್ಲ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಪದ್ಯ, ಕಥೆಗಳ ಪಾಠ ಅವರದೇ. ಉತ್ತರಪತ್ರಿಕೆ ತಿದ್ದುವುದು ಅವರ ಶಿಷ್ಯ ಗುರುಪಾದನ ಕೆಲಸ.

ಗುರುಪಾದನಿಗೆ ಗುರುಗಳ ಮಾತೆಂದರೆ ಕಲ್ಲಿನಲ್ಲಿ ಕೊರೆದ ಗೆರೆ. ಪಾಠದಲ್ಲಿ ಅವರು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಉತ್ತರ ಅದಕ್ಕೆ ಹೊಂದಿದರೆ ಅಂಕ, ಹೊಂದದಿದ್ದರೆ ಸೊನ್ನೆ.

ಆ ವರ್ಷ ಒಂಬತ್ತನೆಯ ತರಗತಿಗೆ ಒಂದು ಪದ್ಯ ಕೊಟ್ಟಿದ್ದರು. ಅಜ್ಜಾರ ಗುರುಗಳು ಹಾಡುತ್ತಿದ್ದ ಪದ್ಯವದು. ನಾಲ್ಕೇ ಸಾಲು:

ಬಿಸಿಲ ಹಾದಿಯಲೊಂದು ಬಾವಿ ಕಂಡೆ,
ಕಟ್ಟೆಯ ಮೇಲಿನ ಹಸಿ ಹಗ್ಗಕೆ ತಂಬಿಗೆ ಕಟ್ಟಿದೆ,
ಯಾರೂ ಇರಲಿಲ್ಲ, ಹೊಟ್ಟೆ ತುಂಬ ಕುಡಿದೆ,
ಬಾವಿಗೆ ಕೈಮುಗಿದು ಮುಂದೆ ನಡೆದೆ.

ಒಂದೇ ಅಂಕದ ಪ್ರಶ್ನೆ: ದಾರಿಹೋಕನ ನೀರಡಿಕೆ ತೀರಿಸಿದವರು ಯಾರು?

ಮೂವತ್ತೊಂಬತ್ತು ಮಕ್ಕಳು 'ಭಗವಂತ' ಎಂದು ಬರೆದಿದ್ದರು. ಅಜ್ಜಾರು ಪಾಠದಲ್ಲಿ ಹೇಳಿದ್ದೂ ಅದನ್ನೇ. ದ್ಯಾಮವ್ವ ಎಂಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: 'ಈಗಷ್ಟೇ ಹೋದಾಕಿ.'

ಗುರುಪಾದ ಸೊನ್ನೆ ಹಾಕಿದ. ಒಟ್ಟು ಕೂಡಿಸಿದರೆ ಮೂವತ್ತನಾಲ್ಕು ಬಂತು. ಪಾಸಾಗಲು ಮೂವತ್ತೈದು ಬೇಕು.

ಫೇಲಾದರೆ ಶಾಲೆ ಬಿಡಿಸುತ್ತೇನೆಂದು ಅವಳ ಅಪ್ಪ ಮೊದಲೇ ಹೇಳಿದ್ದ. ಫಲಿತಾಂಶ ಕೇಳಲು ಆ ದಿನ ಬೆಳಗ್ಗೆಯೇ ಬಂದು ಮಠದ ಜಗಲಿಯಲ್ಲಿ ಕೂತಿದ್ದ. ಗುರುಪಾದ ಅವನನ್ನು ನೋಡಿದ. ಪತ್ರಿಕೆ ಹಿಡಿದುಕೊಂಡು ಅಜ್ಜಾರ ಬಳಿ ಹೋದ.

"ಅಜ್ಜಾರ, ಈ ಹುಡುಗಿಗೆ ಒಂದು ಅಂಕ ಕಡಿಮಿ ಬಿದ್ದೈತ್ರಿ. ಬ್ಯಾರೆ ಎಲ್ಲಿಯಾದ್ರೂ ಒಂದು ಜಾಸ್ತಿ ಹಾಕೂಣೇನ್ರಿ?"

"ಪುಕ್ಕಟೆ ಕೊಟ್ಟ ಅಂಕ ಯಾರಿಗೂ ದಕ್ಕಂಗಿಲ್ಲ. ಏನ್ ಬರದಾಳ?"

ಗುರುಪಾದ ಓದಿ ಹೇಳಿದ.

"ಆಕಿನ್ನ ಕರಿ."

ದ್ಯಾಮವ್ವ ಬಂದು ಕಂಬದ ಪಕ್ಕ ತಲೆತಗ್ಗಿಸಿ ನಿಂತಳು.

"ಯವ್ವಾ, ಈಗಷ್ಟೇ ಹೋದಾಕಿ ಅಂದ್ರ ಯಾರು?" ಅಜ್ಜಾರು ಕೇಳಿದರು.

"ಗೊತ್ತಿಲ್ರಿ ಅಜ್ಜಾರ."

"ಗೊತ್ತಿಲ್ದ ಬರದಿಯೇನು?" ಗುರುಪಾದ ರೇಗಿದ. "ಯಾರೂ ಇರಲಿಲ್ಲ ಅಂತ ಪದ್ಯದಾಗ ಐತಲ್ಲ, ಓದಿಲ್ಲೇನು?"

"ಓದೇನ್ರಿ ಸರ. ಹಗ್ಗ ಹಸಿ ಐತಲ್ರಿ."

"ಐತಿ. ಅದಕ್ಕೇನಾತು?"

"ಬಿಸಿಲಾಗ ಹಗ್ಗ ಎಷ್ಟೊತ್ತು ಹಸಿ ಇರ್ತೈತ್ರಿ? ಯಾರೋ ಆಗಷ್ಟ ನೀರು ಸೇದಿ ಹೋಗ್ಯಾರ."



"ಹೆಣ್ಮಗಳು ಅಂತ ಹೆಂಗ ತಿಳೀತು?" ಅಜ್ಜಾರು ಮುಂದೆ ಬಾಗಿ ಕೇಳಿದರು.

"ನೀರು ಹೊರೂದು ಹೆಣ್ಮಕ್ಕಳು ನಾವ ಅಲ್ಲೇನ್ರೀ ಅಜ್ಜಾರ?"

ಜಗಲಿಯ ಮೇಲೆ ಅಪ್ಪ ಕೆಮ್ಮಿದ. ದ್ಯಾಮವ್ವ ಒಮ್ಮೆ ಅತ್ತ ನೋಡಿ, ಧೈರ್ಯ ಮಾಡಿ ಮುಂದುವರಿಸಿದಳು.

"ಮತ್ತ ಹಗ್ಗ ಯಾರೂ ಬಾವಿ ಮ್ಯಾಲ ಬಿಡಂಗಿಲ್ರಿ. ನಮ್ಮೂರಾಗ ಹಗ್ಗ ಅವರವರ ಮನೀದು. ಸೇದಿದ ಮ್ಯಾಲ ಸುತ್ತಿ ಹೆಗಲಿಗೆ ಹಾಕ್ಕೊಂಡು ಬರ್ತೀವಿ. ಬಿಟ್ಟು ಬಂದ್ರ ಅವ್ವ ಬೈತಾಳ."

"ಆಕಿ ಮರತು ಹೋಗಿರಬೇಕು" ಎಂದ ಗುರುಪಾದ. ಈಗ ಅವನ ದನಿ ತಗ್ಗಿತ್ತು.

"ಇಲ್ರಿ ಸರ. ಹೆಗಲ ಮ್ಯಾಲ ಹಗ್ಗ ಇಲ್ಲಂದ್ರ ನಾಕು ಹೆಜ್ಜಿ ಇಡೂದ್ರಾಗ ತಿಳಿತೈತಿ. ದೂರದಾಗ ಒಬ್ಬಾಂವ ಬಿಸಿಲಾಗ ಬರೂದು ಕಂಡಿರಬೇಕ್ರಿ. ಅದಕ್ಕ ಬಿಟ್ಟು ಹೋಗ್ಯಾಳ."

ಅಜ್ಜಾರು ಕಣ್ಣು ಮುಚ್ಚಿದರು. ಆ ನಾಲ್ಕು ಸಾಲನ್ನು ಮೆಲ್ಲಗೆ ಹಾಡತೊಡಗಿದರು. ಎರಡನೆಯ ಸಾಲಿಗೆ ಬಂದಾಗ ಹಾಡು ನಿಲ್ಲಿಸಿದರು. ಅವರ ತೋಳಿನ ಮೇಲೆ ರೋಮ ನಿಮಿರಿದ್ದನ್ನು ಗುರುಪಾದ ಕಣ್ಣಾರೆ ಕಂಡ.

"ನಮ್ಮ ಗುರುಗಳು ಈ ಪದ ಹಾಡುವಾಗೆಲ್ಲ ಇಲ್ಲೇ ಒಂದು ಗಳಿಗಿ ನಿಲ್ಲತಿದ್ರು" ಎಂದರು ಅಜ್ಜಾರು. "ಯಾಕ ಅಂತ ನಾ ಒಂದ್ ದಿನಾನೂ ಕೇಳಲಿಲ್ಲ. ನಲವತ್ತು ವರ್ಷ ಬರೇ ಬಾವಿಗೆ ಕೈಮುಗದೆ."

ಎದ್ದು ನಿಂತು ಹುಡುಗಿಗೆ ಎರಡೂ ಕೈ ಜೋಡಿಸಿದರು. ಅವಳು ಗಾಬರಿಯಾಗಿ ಕಂಬದ ಹಿಂದೆ ಸರಿದಳು.

ಗುರುಪಾದ ಅಲ್ಲೇ ನೆಲದ ಮೇಲೆ ಕೂತು, ಸೊನ್ನೆ ಹೊಡೆದುಹಾಕಿ ಒಂದು ಬರೆದ. ಮೂವತ್ತನಾಲ್ಕು ಮೂವತ್ತೈದಾಯಿತು. ಅದನ್ನು ಎತ್ತಿ ಅಪ್ಪನಿಗೆ ತೋರಿಸಿದ.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೆ ಮಗಳು ಹೇಳಿದ್ದನ್ನೆಲ್ಲ ಕೇಳಿದ್ದ. ರುಮಾಲು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ.

"ಈಕಿ ಇಲ್ಲೇ ಇರ್ಲಿ ಬಿಡ್ರಿ" ಎಂದಷ್ಟೇ ಹೇಳಿ ಹೊರಟುಹೋದ. ದ್ಯಾಮವ್ವ ಅವನನ್ನು ಕಳಿಸಿಬರಲು ಓಡಿದಳು.

ಶಿಷ್ಯ ಉಳಿದ ಪತ್ರಿಕೆಗಳನ್ನು ನೋಡಿದ.

"ಅಜ್ಜಾರ, ಈ ಮೂವತ್ತೊಂಬತ್ತು ಮಂದೀದು ಅಂಕ ಕಾಟು ಹೊಡೀಲೇನ್ರಿ?"

"ಅವರು ನಾ ಹೇಳಿದ್ದು ಬರದಾರ. ಅವರಿಗ್ಯಾಕ ಶಿಕ್ಷೆ?"

"ಹಂಗಾದ್ರ ನಾ ಈಗ ಏನ್ ಮಾಡ್ಲಿರಿ?"

ಅಜ್ಜಾರು ಹೊಳೆಯಾಚೆಯ ಬಿಸಿಲ ಹಾದಿಯ ಕಡೆ ನೋಡುತ್ತ ಹೇಳಿದರು:

"ಕುಡದಾಂವ ಬಾವಿಗೆ ಕೈಮುಗದು ಹೋದ; ಆ ಹೆಣ್ಮಗಳ ಹಗ್ಗ ಇನ್ನೂ ಬಾವಿ ಮ್ಯಾಲ ಐತಿ. ನಾಳಿ ಮುಂಜಾನೆ ಆಕಿ ನೀರಿಗೆ ಬರಬೇಕಲ್ಲ? ಹೋಗು, ಆಕಿ ಮನಿ ಹುಡುಕಿ ಮುಟ್ಟಿಸಿ ಬಾ."